ಅಮ್ಮಣ್ಣಿಯವರ ಕಾಲು ಭಾಗ

"ನನಗೆ ಕಾಲು ಭಾಗ ಸಾಕಪ್ಪ. ಅರ್ಧ ಅವರೇ ಇಟ್ಕೊಳ್ಳಲಿ. ವಯಸ್ಸಾದವಳು, ನನಗೆಷ್ಟು ಬೇಕು ಹೇಳಿ?"

ಎರಡು ಸಾವಿರದ ಮೂರನೇ ಇಸವಿಯ ಆಷಾಢದಲ್ಲಿ, ಮೈಲಾಪೂರಿನ ಆ ವಠಾರದಲ್ಲಿ, ಅಮ್ಮಣ್ಣಿಯವರ ಬಾಯಿಂದ ಈ ಮಾತು ಕೇಳದವರು ಯಾರೂ ಇರಲಿಲ್ಲ. ಎದುರು ಮನೆಯ ಶಂಕರನಾರಾಯಣರು ಪೇಪರ್ ಎತ್ತಿಕೊಳ್ಳಲು ಬಾಗಿಲು ತೆರೆದರೆ ಸಾಕು, ಅಮ್ಮಣ್ಣಿಯವರು ನೀರಿನ ವಿಷಯ ಎತ್ತಿ, ಕಾಲು ಭಾಗಕ್ಕೆ ತಂದು ನಿಲ್ಲಿಸುತ್ತಿದ್ದರು. ಹೆಮ್ಮೆ ಪಡುವುದಕ್ಕೂ ಏನಾದರೊಂದು ಬೇಕಲ್ಲ! ಆ ವರ್ಷ ಮದ್ರಾಸಿನಲ್ಲಿ ಜನ ಹೆಮ್ಮೆ ಪಡುತ್ತಿದ್ದದ್ದು ತಾವು ಎಷ್ಟು ಕಡಿಮೆ ನೀರಿನಲ್ಲಿ ಸಂಸಾರ ತೂಗಿಸುತ್ತೇವೆ ಎನ್ನುವುದಕ್ಕೆ. ಊರಿಗೆ ಚೆನ್ನೈ ಅಂತ ಹೆಸರು ಬದಲಾಗಿ ಏಳು ವರ್ಷ ಆಗಿತ್ತು, ಆದರೆ ಅಮ್ಮಣ್ಣಿಯವರು ಅದಕ್ಕೆಲ್ಲ ಸೊಪ್ಪು ಹಾಕಿದವರಲ್ಲ.

ವಠಾರದ ಬಾವಿ ಏಪ್ರಿಲ್‌ನಲ್ಲೇ ತಳ ಕಂಡಿತ್ತು. ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ ಬರುತ್ತಿತ್ತು. ಮೂರು ದಿನಕ್ಕೊಮ್ಮೆ ಬೆಳಗ್ಗೆ ಆರಕ್ಕೆ ತಣ್ಣಿ ಲಾರಿ, ಅಂದರೆ ನೀರಿನ ಲಾರಿ, ಬಂದರೆ ಉಂಟು. ಅದರ ಪೈಪು ವಠಾರದ ಮುಂಬಾಗಿಲಿನವರೆಗೆ ಮಾತ್ರ, ಅಲ್ಲಿಂದ ಒಳಗೆ ಕೊಡದಲ್ಲಿ ಹೊರಬೇಕು. ಮನೆಗೆ ಮೂವತ್ತೆರಡು ಕೊಡ. ಹೊರುವವರು ಮಗ ಗುರುಚರಣ, ಸೊಸೆ ಹರಿಪ್ರಿಯಾ. ಅವನು ಮೌಂಟ್ ರೋಡಿನ ಇನ್ಶೂರೆನ್ಸ್ ಆಫೀಸಿಗೆ, ಅವಳು ಟಿ. ನಗರದ ಆಡಿಟರ್ ಆಫೀಸಿಗೆ ಹೊರಡುವ ಮುಂಚೆ ಇಬ್ಬರೂ ಹದಿನಾರು ಹದಿನಾರು ಸಲ ಒಳಗೂ ಹೊರಗೂ ಓಡಾಡಬೇಕಿತ್ತು. ಇಪ್ಪತ್ತನಾಲ್ಕು ಕೊಡ ಹಿತ್ತಲಿನ ಸಿಮೆಂಟ್ ತೊಟ್ಟಿಗೆ, ಎಂಟು ಕೊಡ ಬಚ್ಚಲಿನ ನೀಲಿ ಡ್ರಮ್ಮಿಗೆ.

ತೊಟ್ಟಿ ಮಡಿ. ಲಾರಿ ನೀರು ಮಡಿಯಾಗುವುದು ಹೇಗೆ ಎಂದು ನೀವು ಕೇಳಬಹುದು. ಮಠದಲ್ಲೂ ಯಾರೋ ಕೇಳಿದ್ದರು. ತೊಟ್ಟಿ ತುಂಬಿದ ಮೇಲೆ ಅಮ್ಮಣ್ಣಿಯವರು ದೇವರ ಮನೆಯಿಂದ ಗಂಗೆ ತಂದು ಒಂದು ಹನಿ ಬಿಡುತ್ತಿದ್ದರು, ಅಲ್ಲಿಗೆ ಮುಗಿಯಿತು, ಲಾರಿ ನೀರೂ ಕಾಶಿಯ ನೀರೇ! ಆಮೇಲೆ ಅವರನ್ನು ಬಿಟ್ಟು ಬೇರೆ ಯಾರೂ ಅದಕ್ಕೆ ಕೈ ಹಾಕುವಂತಿಲ್ಲ. ಅಡುಗೆಗೆ, ಪಾತ್ರೆಗೆ, ಬಟ್ಟೆಗೆ ಬೇಕಾದ್ದನ್ನು ಅವರೇ ಮೊಗೆದು ಕೊಡುತ್ತಿದ್ದರು. ತೊಟ್ಟಿಯ ಒಳಗೋಡೆಗೆ, ತಳದಿಂದ ಕಾಲು ಭಾಗ ಎತ್ತರಕ್ಕೆ, ಕಾವಿಯಲ್ಲಿ ಒಂದು ಗೆರೆ ಎಳೆದಿದ್ದರು. ಗೆರೆಯ ಕೆಳಗಿನದು ಅವರ ಸ್ನಾನಕ್ಕೆ, ಮಡಿಬಟ್ಟೆಗೆ, ಪೂಜೆಗೆ. ಡ್ರಮ್ಮಿಗೂ ಹರಿಪ್ರಿಯಾ ಮಾರ್ಕರ್‌ನಲ್ಲಿ ಅರ್ಧಕ್ಕೆ ಗೆರೆ ಎಳೆದಿದ್ದಳು. ಮೇಲಿನರ್ಧ ಅವಳು, ಗುರುಚರಣ, ಮಗಳು ಪಾವನಾ, ಈ ಮೂವರ ಸ್ನಾನಕ್ಕೆ, ಕೆಳಗಿನರ್ಧ ಕಕ್ಕಸಿಗೆ. ಅಂತೂ ಅತ್ತೆಗೆ ಕಾಲು, ಸೊಸೆಗೆ ಅರ್ಧ. ಇಷ್ಟು ನ್ಯಾಯವಾದ ಅತ್ತೆ ಎಲ್ಲಾದರೂ ಉಂಟೇ ಎಂಬುದು ಅಮ್ಮಣ್ಣಿಯವರ ವಾದ.

ಜುಲೈ ಕೊನೆಯ ವಾರ ಸ್ಕೂಲಿನ ಡೈರಿಯಲ್ಲಿ ಒಂದು ಸಾಲು ಬರೆದು ಬಂತು. ಪಾವನಾಳ ತಲೆಯಲ್ಲಿ ಹೇನು ಕಾಣಿಸಿದೆ, ದಯವಿಟ್ಟು ಗಮನಿಸಿ. ನಾಲ್ಕನೇ ಕ್ಲಾಸಿನ ಹುಡುಗಿ, ಸೊಂಟದವರೆಗೆ ಕೂದಲು, ತಲೆಗೆ ನೀರು ಹಾಕಿ ಹದಿನೈದು ದಿನ. ಡ್ರಮ್ಮಿನಲ್ಲಿ ಮೇಲಿನರ್ಧ ಮುಗಿದಿತ್ತು, ತೊಟ್ಟಿಯ ನೀರೂ ಗೆರೆಗೆ ಇಳಿದಿತ್ತು. ಭಾನುವಾರ ಅತ್ತೆ ಪ್ರವಚನಕ್ಕೆಂದು ಮಠಕ್ಕೆ ಹೋದದ್ದೇ ತಡ, ಹರಿಪ್ರಿಯಾ ತೊಟ್ಟಿಯ ಮುಚ್ಚಳ ಸರಿಸಿ, ಗೆರೆಯ ಕೆಳಗಿಂದ ಒಂದೇ ಒಂದು ಕೊಡ ಮೊಗೆದು ಮಗಳ ತಲೆ ತೊಳೆದಳು.

ಅಮ್ಮಣ್ಣಿಯವರು ಬಂದವರೇ ಒದ್ದೆ ನೆಲ ನೋಡಿದರು, ಓರೆಯಾದ ಮುಚ್ಚಳ ನೋಡಿದರು.

"ಯಾರು ಮುಟ್ಟಿದ್ದು?"

"ನಾನೇ ಅತ್ತೆ. ಮಗು ತಲೇಲಿ ಹೇನು..." ಎಂದು ಹರಿಪ್ರಿಯಾ ಶುರು ಮಾಡುವಷ್ಟರಲ್ಲಿ ಅಮ್ಮಣ್ಣಿಯವರು ಕೊಡ ತೊಟ್ಟಿಗೆ ಇಳಿಸಿಯಾಗಿತ್ತು. ಮೊಗೆದು ಮೊಗೆದು ಹಿತ್ತಲಿಗೆ ಸುರಿದರು. ಒಂದಲ್ಲ, ಎರಡಲ್ಲ, ಉಳಿದಿದ್ದ ಐದು ಕೊಡವನ್ನೂ. ಕಾದ ನೆಲ ಅದನ್ನು ಕುಡಿದು ಹಾಕಿತು. ತಲೆಗೆ ಟವೆಲ್ ಸುತ್ತಿಕೊಂಡ ಪಾವನಾ ಬಾಗಿಲಲ್ಲಿ ನಿಂತು, ಬೆರಳು ಮಡಿಸುತ್ತ, ನೋಡುತ್ತಿದ್ದಳು.

"ಅತ್ತೆ, ಅದು ನೀರು!" ಎಂದಳು ಹರಿಪ್ರಿಯಾ. "ಊರೆಲ್ಲ ಒಂದು ಬಿಂದಿಗೆಗೆ ಹೊಡೆದಾಡ್ತಾ ಇದೆ. ಅದನ್ನ ಹೊತ್ತಿದ್ದು ಈ ಭುಜ!"

"ಮೈಲಿಗೆ ನೀರು ಇಟ್ಕೊಂಡು ನಾನೇನು ಮಾಡಲಿ? ಸಾಲಿಗ್ರಾಮಕ್ಕೆ ಹಾಕಲಾ?"

"ನನ್ನ ಮಗಳ ತಲೆ ನಿಮಗೆ ಮೈಲಿಗೆನಾ?"

"ಅವಳ ತಲೆ ಅಲ್ಲಮ್ಮ, ನಿನ್ನ ಕೈ. ಅರ್ಧ ನೀವೇ ಖರ್ಚು ಮಾಡ್ತೀರ, ನಾನು ಚಕಾರ ಎತ್ತಿದ್ದೀನಾ? ಕಾಲು ಭಾಗ ಇಟ್ಕೊಂಡು ಬಾಯಿ ಮುಚ್ಕೊಂಡಿದ್ದವಳದ್ದಕ್ಕೇ ಕೈ ಹಾಕಬೇಕಾ?"

ಗುರುಚರಣ ಎದ್ದು ಬಂದ. "ಹೋಗಲಿ ಬಿಡಮ್ಮ, ಆದದ್ದು ಆಯ್ತು. ಪ್ರಿಯಾ, ನೀನೂ ಒಂದು ಮಾತು ಕೇಳಬಹುದಿತ್ತು." ಎರಡು ಕಡೆಗೂ ಒಂದೊಂದು ಮಾತು ಹಾಕಿ ಪಾರಾಗುವುದು ಅವನ ಹಳೆಯ ಅಭ್ಯಾಸ. ಅವತ್ತು ಎರಡು ಕಡೆಯವರೂ ಅವನನ್ನು ಕಣ್ಣಲ್ಲೇ ಸುಟ್ಟರು.

"ನೋಡಿ," ಹರಿಪ್ರಿಯಾ ಗಂಡನಿಗೆ ಹೇಳಿದಳು, ಕೇಳಬೇಕಾದವರಿಗೂ ಕೇಳಲಿ ಎಂದು. "ಚೌತಿ ಹಬ್ಬ ಮುಗಿದ ಮಾರನೇ ದಿನದಿಂದ ನನ್ನ ಒಲೆ ಬೇರೆ. ಮುಂದಿನ ರೂಮಲ್ಲಿ ಇಡ್ತೀನಿ. ಅವರ ತೊಟ್ಟಿ ಅವರಿಗೆ, ನಮ್ಮ ಡ್ರಮ್ಮು ನಮಗೆ."

"ಧಾರಾಳವಾಗಿ ಇಡು!" ಎಂದರು ಅಮ್ಮಣ್ಣಿಯವರು. ಅಂದದ್ದೇನೋ ಅಂದರು, ಕಣ್ಣು ಅಡುಗೆಮನೆಯ ಕಡೆ ಹೋಯಿತು. ಯಜಮಾನರು ಹೋಗಿ ಹನ್ನೊಂದು ವರ್ಷ. ಆ ಮನೆಯಲ್ಲಿ ಅವರಿಗೆ ತನ್ನದು ಎಂದು ಇದ್ದದ್ದು ಆ ಒಲೆ, ಮತ್ತು ಸ್ಕೂಲಿಂದ ಬಂದ ತಕ್ಷಣ ಅದರ ಪಕ್ಕ ತಟ್ಟೆ ಹಾಕಿಕೊಂಡು ಕೂರುವ ಪಾವನಾ. ಒಲೆ ಎರಡಾದರೆ ಆ ತಟ್ಟೆ ಮುಂದಿನ ರೂಮಿಗೆ ಹೋಗುತ್ತದೆ. ಹೋದ ತಟ್ಟೆ ವಾಪಸ್ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವತ್ತಿನ ಅಡುಗೆಗೆ ಶಂಕರನಾರಾಯಣರ ಮನೆಯಿಂದ ಎರಡು ಕೊಡ ನೀರು ಕೇಳಿ ತರಬೇಕಾಯಿತು. ಕಾಲು ಭಾಗದ ಮಾತು ಅವತ್ತು ಅವರ ಹತ್ತಿರ ಎತ್ತಲಿಲ್ಲ.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಸೌಟಿನ ಸದ್ದೇ ಜಾಸ್ತಿ, ಮಾತು ಕಮ್ಮಿ. ಹರಿಪ್ರಿಯಾ ಎರಡು ಬರ್ನರಿನ ಸ್ಟವ್ ತಂದಳು. ಸಿಲಿಂಡರಿಗೆ ಬರೆಸಿದಳು. ದಿನಕ್ಕೊಂದು ಡಬ್ಬ ಮುಂದಿನ ರೂಮಿನ ಶೆಲ್ಫಿಗೆ ಸೇರತೊಡಗಿತು. ಅಮ್ಮಣ್ಣಿಯವರು ಸಾರು, ಹುಳಿ, ಪಲ್ಯ ಎಂದಿನಂತೆ ಮಾಡಿದರು. ಬಡಿಸುವಾಗ ಮಾತ್ರ ಸೊಸೆಯ ತಟ್ಟೆ ನೋಡದೆ ಬಡಿಸಿದರು.

"ಅಜ್ಜಿ, ಚೌತಿ ಆದ ಮೇಲೆ ನಾನು ಎಲ್ಲಿ ಸಾಪ್ಡಬೇಕು?" ಪಾವನಾ ಒಂದು ದಿನ ಊಟಕ್ಕೆ ಕೂತಾಗ ಕೇಳಿದಳು. ಅವಳ ಕನ್ನಡದೊಳಗೆ ತಮಿಳು ನುಸುಳದ ದಿನವಿರಲಿಲ್ಲ.

"ನಿಮ್ಮಮ್ಮನ್ನ ಕೇಳು."

"ಅಮ್ಮ ನಿನ್ನ ಹತ್ರಾನೇ ಕೇಳು ಅಂತಾಳೆ."

"ಹಾಗಾದರೆ ನಿಮ್ಮಪ್ಪನ್ನ ಕೇಳು."

"ಅಪ್ಪ ಟಿವಿ ಸೌಂಡ್ ಜಾಸ್ತಿ ಮಾಡ್ದ."

ಆಗಸ್ಟ್ ನಡುವಿನಲ್ಲಿ ಇನ್ನೊಂದು ತಾಪತ್ರಯ ಬಂತು. ಗಣಿತದ ಟೆಸ್ಟಿನಲ್ಲಿ ಪಾವನಾಗೆ ಹತ್ತಕ್ಕೆ ಮೂರು. ಮನೆಯವರು ಯಾರಾದರೂ ಬಂದು ಕಾಣಬೇಕು ಎಂದು ಕಲಾವತಿ ಮಿಸ್ ಕೆಂಪು ಇಂಕಿನಲ್ಲಿ ಬರೆದಿದ್ದರು. ಅಮ್ಮಣ್ಣಿಯವರು ಕನ್ನಡಕ ಏರಿಸಿ ಪೇಪರ್ ನೋಡಿದರು. ನಾಲ್ಕನೇ ಒಂದು, ಎರಡನೇ ಒಂದು, ಇವುಗಳಲ್ಲಿ ಯಾವುದು ದೊಡ್ಡದು, ಚಿತ್ರ ಬರೆದು ತೋರಿಸಿ ಎಂದು ಪ್ರಶ್ನೆ. ಹುಡುಗಿ ಒಂದು ದೊಡ್ಡ ಪೆಟ್ಟಿಗೆ ಬರೆದು ಕಾಲು ಭಾಗಕ್ಕೆ ಬಣ್ಣ ಹಚ್ಚಿದ್ದಳು, ಪಕ್ಕದಲ್ಲಿ ಪುಟ್ಟ ಡ್ರಮ್ಮಿನಂಥದ್ದು ಬರೆದು ಅರ್ಧಕ್ಕೆ ಬಣ್ಣ ಹಚ್ಚಿದ್ದಳು. ಕಾಲೇ ದೊಡ್ಡದು ಎಂದು ಉತ್ತರ. ಅದರ ಮೇಲೆ ದೊಡ್ಡದೊಂದು ಕಾಟು.

"ಅಯ್ಯೋ ಪೆದ್ದಿ! ಕಾಲಿಗಿಂತ ಅರ್ಧ ದೊಡ್ಡದು ಅಂತ ಹಾಲು ಕುಡಿಯೋ ಕೂಸಿಗೂ ಗೊತ್ತು."

"ಪೋ ಅಜ್ಜಿ. ನಮ್ಮ ಮನೇಲಿ ಅಪ್ಪಡಿ ಇಲ್ಲೆ. ನಮ್ಮ ಮನೇಲಿ ಕಾಲೇ ದೊಡ್ಡದು."

ಮಗು ತಲೆಹರಟೆ ಮಾಡುತ್ತಿದೆ ಎಂದುಕೊಂಡು ಅಮ್ಮಣ್ಣಿಯವರು ಅದನ್ನು ಅಲ್ಲಿಗೇ ಬಿಟ್ಟರು. ಸೊಸೆಗೆ ಆಫೀಸಿನಲ್ಲಿ ರಜೆ ಇಲ್ಲ, ಮಗನಿಗೆ ಇದ್ದರೂ ಕೇಳುವ ಧೈರ್ಯವಿಲ್ಲ. ಮಾರನೇ ದಿನ ಮಧ್ಯಾಹ್ನ ಕೊಡೆ ಹಿಡಿದು ತಾವೇ ಹೊರಟರು. ಮೂರು ಬೀದಿ ಆಚೆ ಸ್ಕೂಲು. ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಳ್ಳುತ್ತಲೇ ಹೋದರು.

ಕಲಾವತಿ ಮಿಸ್ ಜಗಳಕ್ಕೆ ಸಿಗುವ ಪೈಕಿ ಅಲ್ಲ. ತಮಿಳಿನಲ್ಲಿ ಆಡಿದ ಅವರ ಮಾತನ್ನು ನಾನು ಕನ್ನಡದಲ್ಲೇ ಹೇಳಿಬಿಡುತ್ತೇನೆ. "ಕೂತ್ಕೊಳ್ಳಿ ಮಾಮಿ," ಎಂದು ಬೆಂಚು ತೋರಿಸಿ, ಹಳೆಯ ಕ್ಯಾಲೆಂಡರಿನಿಂದ ಒಂದೇ ಉದ್ದದ ಎರಡು ಪಟ್ಟಿ ಕತ್ತರಿಸಿ ಪಾವನಾಳ ಕೈಗೆ ಕೊಟ್ಟರು. "ಇದನ್ನ ಅರ್ಧ ಮಾಡು. ಅದನ್ನ ನಾಲ್ಕು ಭಾಗ ಮಾಡು." ಹುಡುಗಿ ಅಂಚಿಗೆ ಅಂಚು ಸೇರಿಸಿ ಅಚ್ಚುಕಟ್ಟಾಗಿ ಮಡಿಸಿದಳು. ಮಿಸ್ ಎರಡನ್ನೂ ಮೇಲೆ ಕೆಳಗೆ ಇಟ್ಟು, "ಯಾವುದು ದೊಡ್ಡದು?" ಎಂದರು.

"ಅರ್ಧ," ಎಂದಳು ಪಾವನಾ, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ.

"ನೋಡಿದಿರಾ ಮಾಮಿ? ಭಾಗ ಮಾಡೋದು ಇವಳಿಗೆ ಚೆನ್ನಾಗಿ ಬರುತ್ತೆ. ಆದರೆ ಚಿತ್ರ ಬರೆಯುವಾಗೆಲ್ಲ ಒಂದು ದೊಡ್ಡದು, ಒಂದು ಚಿಕ್ಕದು ಬರೀತಾಳೆ. ಎಷ್ಟು ಸಲ ಹೇಳಿದರೂ ಬಿಡಲ್ಲ. ದೊಡ್ಡದರ ಕಾಲನ್ನ ಚಿಕ್ಕದರ ಅರ್ಧದ ಜೊತೆ ಹೋಲಿಸ್ತಾಳೆ. ಇದನ್ನ ಎಲ್ಲಿ ಕಲಿತಳು ಅಂತ ನಿಮ್ಮನ್ನೇ ಕೇಳೋಣ ಅಂತ ಕರೆಸಿದೆ."

"ತೊಟ್ಟಿ, ಡ್ರಮ್ಮು," ಎಂದಳು ಪಾವನಾ.

ಅಮ್ಮಣ್ಣಿಯವರ ಮುಖ ಬಿಸಿಯಾಯಿತು. ಮಿಸ್ಸಿಗೆ ಅರ್ಥವಾಗಲಿಲ್ಲ, ಸದ್ಯ. ಅಮ್ಮಣ್ಣಿಯವರು ಕೊಡೆಯ ಹಿಡಿ ತಿರುಗಿಸುತ್ತ, "ಹಾಗಾದರೆ ಟೀಚರ್, ಪಟ್ಟಿ ಎರಡೂ ಬೇರೆ ಬೇರೆ ಉದ್ದ ಇದ್ದರೆ?" ಎಂದು ಕೇಳಿದರು.

"ಆಗ ಕಾಲು, ಅರ್ಧ ಅನ್ನೋ ಹೆಸರು ಕೇಳಿ ಮೋಸ ಹೋಗಬಾರದು ಮಾಮಿ. ಎರಡನ್ನೂ ಒಂದೇ ಅಳತೇಲಿ ಎಣಿಸಬೇಕು." ಮಿಸ್ ಒಂದು ಉದ್ದ ಪಟ್ಟಿ, ಒಂದು ಗಿಡ್ಡ ಪಟ್ಟಿ ಹರಿದು, ಉದ್ದದ್ದರ ಕಾಲನ್ನು ಗಿಡ್ಡದರ ಅರ್ಧದ ಪಕ್ಕ ಇಟ್ಟು ತೋರಿಸಿದರು. ಕಾಲೇ ಒಂದು ಬೆರಳಿನಷ್ಟು ಹೆಚ್ಚು ಉದ್ದವಿತ್ತು. ಅಮ್ಮಣ್ಣಿಯವರು ಜೋಡಿಸಿಕೊಂಡು ಬಂದಿದ್ದ ಒಂದು ಮಾತನ್ನೂ ಆಡದೆ ಎದ್ದರು.

ಮನೆಗೆ ಬಂದು ಮೊಮ್ಮಗಳ ಕೈಗೆ ಚಕ್ಕುಲಿ ಕೊಟ್ಟು, "ಚೌಕದ ನೋಟ್‌ಬುಕ್ ತೆಗಿ," ಎಂದರು. "ಒಂದು ಕೊಡಕ್ಕೆ ಒಂದು ಚೌಕ. ತೊಟ್ಟಿ ಬರಿ, ಡ್ರಮ್ಮು ಬರಿ. ನಿಮ್ಮಮ್ಮ ಬರೋದರೊಳಗೆ ಆಗಬೇಕು."

ಪಾವನಾ ಇಪ್ಪತ್ತನಾಲ್ಕು ಚೌಕದ ತೊಟ್ಟಿ ಬರೆದಳು, ಎಂಟು ಚೌಕದ ಡ್ರಮ್ಮು ಬರೆದಳು. ತೊಟ್ಟಿಯ ಕಾಲು ಭಾಗಕ್ಕೆ ಕೆಂಪು ಹಚ್ಚಿದಳು. "ಇದು ಅಜ್ಜಿದು." ಡ್ರಮ್ಮಿನ ಅರ್ಧಕ್ಕೆ ನೀಲಿ. "ಇದು ನಮ್ಮದು. ಎಣಿಸು ಅಜ್ಜಿ."

ಅಮ್ಮಣ್ಣಿಯವರು ಬೆರಳಿಟ್ಟು ಎಣಿಸಿದರು. ಕೆಂಪು ಆರು. ನೀಲಿ ನಾಲ್ಕು. ಇನ್ನೊಂದು ಸಲ ಎಣಿಸಿದರು, ಆಗಲೂ ಅಷ್ಟೇ.

"ನಾಲ್ಕು ಕೊಡ ಮೂರು ಜನಕ್ಕೆ... ಒಬ್ಬೊಬ್ಬರಿಗೆ ಎಷ್ಟಾಯ್ತು?"

"ಒಂದು ಕೊಡ, ಅಪ್ಪರಂ ಇನ್ನೊಂದು ಕೊಡದಲ್ಲಿ ಮೂರನೇ ಒಂದು ಭಾಗ."

"ದಿನಕ್ಕಾ?"

"ಐಯೋ ಅಜ್ಜಿ! ಮೂರು ದಿನಕ್ಕೆ. ಲಾರಿ ಬರೋ ತನಕ."

ತಾವು ದಿನಕ್ಕೆ ಎರಡು ಕೊಡ. ಅಮ್ಮಣ್ಣಿಯವರು ಬಿಟ್ಟುಕೊಡಲು ಅಷ್ಟು ಸುಲಭಕ್ಕೆ ತಯಾರಿರಲಿಲ್ಲ. "ಅಡುಗೆ ನೀರು?"

"ಅದು ಗೆರೆ ಮೇಲಿಂದು."

"ಪೂಜೆ ನೀರು ಕೆಳಗಿಂದು, ಗೊತ್ತಾ?"

"ಪೂಜೆಗೆ ಎಷ್ಟು ಕೊಡ ಅಜ್ಜಿ?"

"ಒಂದು..." ಅಮ್ಮಣ್ಣಿಯವರು ಕೆಮ್ಮಿದರು. "ಒಂದು ತಂಬಿಗೆ."

ಪಾವನಾ ಚಕ್ಕುಲಿ ಕಚ್ಚುತ್ತ ಪೆನ್ಸಿಲ್ ತೆಗೆದುಕೊಂಡು, ಕೆಂಪು ಚೌಕಗಳಲ್ಲಿ ಐದಕ್ಕೆ ಅಡ್ಡಗೆರೆ ಹೊಡೆದಳು.

"ಅದ್ಯಾಕೆ?"

"ಇದು ಆವತ್ತು ನೀನು ಚೆಲ್ಲಿದ್ದು."

ಮಗುವಿನ ದನಿಯಲ್ಲಿ ದೂರು ಏನೂ ಇರಲಿಲ್ಲ. ಲೆಕ್ಕ ಹೇಳಿದಂತೆ ಹೇಳಿದಳು. ಅಮ್ಮಣ್ಣಿಯವರಿಗೆ ಆ ಐದು ಚೌಕದ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ನೀಲಿಯ ನಾಲ್ಕಕ್ಕಿಂತ ಒಂದು ಜಾಸ್ತಿ. ಮೂರು ಜನ ಮೂರು ದಿನ ಮೈ ತೊಳೆಯುವುದಕ್ಕಿಂತ ಹೆಚ್ಚು ನೀರನ್ನು ತಾವು ಐದು ನಿಮಿಷದಲ್ಲಿ ಮಣ್ಣಿಗೆ ಸುರಿದಿದ್ದರು. ಅದೂ ಈ ಕೂಸಿನ ಕಣ್ಣೆದುರಿಗೆ. ಅಷ್ಟು ಸಾಲದು ಎಂದು ಬೀದಿಗೆಲ್ಲ ಕೇಳುವಂತೆ ಕಾಲು ಭಾಗ, ಕಾಲು ಭಾಗ ಎಂದು ಡಂಗುರ ಹೊಡೆದಿದ್ದರು. ಅವರಿಗೆ ನಾಚಿಕೆಯಾಯಿತು. ವಯಸ್ಸಾದ ಮೇಲೆ ನಾಚಿಕೆಯಾಗುವುದು ಬಹಳ ಕಷ್ಟ, ಎಲ್ಲಿಟ್ಟುಕೊಳ್ಳಬೇಕು ಎಂದೇ ತಿಳಿಯುವುದಿಲ್ಲ.

ಅದೇ ಸಂಜೆ ಹೇಳಿಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಅತ್ತೆ ಎನ್ನುವವಳ ಬಾಯಿಂದ ತಪ್ಪು ಎನ್ನುವ ಮಾತು ಅಷ್ಟು ಬೇಗ ಬಂದೀತೇ? ಹರಿಪ್ರಿಯಾ ಬಂದು ಚಪ್ಪಲಿ ಬಿಡುವಾಗ ಒಂದು ಸಲ ಬಾಯಿ ತೆರೆದರು. "ಪಾವನಾಳ ಟೀಚರ್ ಒಳ್ಳೆಯವರು," ಎಂದಷ್ಟೇ ಬಂತು. "ಹೌದಾ," ಎಂದು ಅವಳು ಒಳಗೆ ಹೋದಳು. ಹೀಗೆ ಹದಿನೈದು ದಿನ ಮಾತು ಗಂಟಲಲ್ಲೇ ಉಳಿಯಿತು. ಅಷ್ಟರಲ್ಲಿ ಮಿಸ್ ಇನ್ನೊಂದು ಟೆಸ್ಟ್ ಕೊಟ್ಟು ಪಾವನಾಗೆ ಹತ್ತಕ್ಕೆ ಒಂಬತ್ತು ಬಂತು. ಹುಡುಗಿ ಈಗ ಪ್ರಶ್ನೆ ಪಕ್ಕದಲ್ಲೇ "ಎರಡೂ ಒಂದೇ ಸೈಜ್" ಎಂದು ಬರೆದುಕೊಂಡು ಆಮೇಲೆ ಚಿತ್ರ ಹಾಕುತ್ತಿದ್ದಳು. ಚೌತಿಯ ದಿನ ಅತ್ತೆ ಸೊಸೆ ಎದುರುಬದುರು ಕೂತು ಕಡುಬು ತುಂಬಿದರು. "ಹೂರಣ ತಳ್ಳಿ" "ಉಪ್ಪು ಇಲ್ಲಿದೆ" ಬಿಟ್ಟರೆ ಬೇರೆ ಮಾತಿಲ್ಲ. ಮುಂದಿನ ರೂಮಿನಲ್ಲಿ ಹೊಸ ಸ್ಟವ್ ಸಿಲಿಂಡರಿಗೆ ಜೋಡಿಸಿ ಕೂತಿತ್ತು.

ಮಾರನೇ ದಿನ ಲಾರಿಯ ದಿನ. ಅಮ್ಮಣ್ಣಿಯವರು ಐದಕ್ಕೇ ಎದ್ದು, ಖಾಲಿ ತೊಟ್ಟಿಗೆ ಬಗ್ಗಿ, ತೆಂಗಿನ ನಾರು ಹಿಡಿದು ಕಾವಿಯ ಗೆರೆಯನ್ನು ತಿಕ್ಕಿದರು. ಸುಲಭಕ್ಕೆ ಹೋಗಲಿಲ್ಲ. ಸೊಂಟ ಹಿಡಿದುಕೊಂಡರೂ ಬಿಡದೆ ತಿಕ್ಕಿದರು. ಆರಕ್ಕೆ ಲಾರಿ ಹಾರ್ನ್ ಹೊಡೆದಾಗ, ಇದ್ದುದರಲ್ಲಿ ಚಿಕ್ಕ ಕೊಡ ಸೊಂಟಕ್ಕೇರಿಸಿಕೊಂಡು ಹರಿಪ್ರಿಯಾಳ ಹಿಂದೆ ಸಾಲಿನಲ್ಲಿ ಹೋಗಿ ನಿಂತರು. ವಠಾರವೆಲ್ಲ ಅಲ್ಲೇ ಇತ್ತು.

"ಏನಮ್ಮಾ ಇದು, ನೀನ್ಯಾಕೆ ಬಂದೆ?" ಗುರುಚರಣ ಗಾಬರಿಯಾದ.

"ಸುಮ್ಮನಿರು, ನಿನ್ನ ಹತ್ರ ಅಲ್ಲ ಮಾತು." ಅಮ್ಮಣ್ಣಿಯವರು ಸೊಸೆಯ ಕಡೆ ತಿರುಗಿದರು. ದನಿ ತಗ್ಗಿಸಲಿಲ್ಲ. ಜಂಬ ಕೊಚ್ಚಿಕೊಂಡದ್ದು ಎಲ್ಲರೆದುರಿಗಾದರೆ ಇದೂ ಎಲ್ಲರೆದುರಿಗೇ ಆಗಲಿ ಎಂದು. "ಪ್ರಿಯಾ, ನಾನು ತಪ್ಪು ಲೆಕ್ಕ ಹಾಕಿದ್ದೆ. ನನ್ನ ಕಾಲು ಭಾಗ ಆರು ಕೊಡ. ನಿಮ್ಮ ಅರ್ಧ ನಾಲ್ಕೇ ಕೊಡ. ಶಂಕರನಾರಾಯಣರೇ, ನೀವೂ ಕೇಳಿಸ್ಕೊಳ್ಳಿ. ಅವತ್ತು ಐದು ಕೊಡ ಚೆಲ್ಲಿದೆನಲ್ಲ, ಅದು ಮಡಿ ಅಲ್ಲ, ಮದ. ಮಗುಗೆ ಹೇನು ಬಂದರೂ ನನ್ನ ಗೆರೆ ನಾನು ಕಾಯ್ತಾ ಕೂತೆ."

ಶಂಕರನಾರಾಯಣರು ಪಾಪ, ಪೈಪು ಯಾವ ಕೊಡಕ್ಕೆ ಹಿಡಿಯಬೇಕೆಂದು ಮರೆತು ಕಾಲಿಗೆ ಬಿಟ್ಟುಕೊಂಡರು. ಹರಿಪ್ರಿಯಾ ಅತ್ತೆಯ ಸೊಂಟದಿಂದ ಕೊಡ ತೆಗೆದುಕೊಳ್ಳಲು ಕೈ ಚಾಚಿದಳು.

"ಬೇಡ, ಬಿಡು. ದಿನಕ್ಕೊಂದರಂತೆ ಮೂರು ಕೊಡ ನನಗೆ. ಆ ಮೂರನ್ನ ನಾನೇ ಹೊರ್ತೀನಿ. ಗೆರೆ ಅಳಿಸಿದ್ದೀನಿ. ತೊಟ್ಟೀಲಿ ಇನ್ನು ಮೇಲೆ ನೀನೂ ಮೊಗೆದುಕೋ."

"ನಾನು ಮಡಿ ಅಲ್ಲವಲ್ಲ ಅತ್ತೆ." ಅವಳ ದನಿಯಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು.

"ಗೊತ್ತು. ಗೊತ್ತಿದ್ದೇ ಹೇಳಿದ್ದು."

ನೀರು ತುಂಬಿ ಮುಗಿಯುವಷ್ಟರಲ್ಲಿ ಏಳೂವರೆ. ಅಮ್ಮಣ್ಣಿಯವರು ಮೂರನೇ ಕೊಡ ಇಳಿಸಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಉಸಿರು ಬಿಡುತ್ತಿದ್ದರು. ಮುಂದಿನ ರೂಮಿನಲ್ಲಿ ಲೈಟರಿನ ಟಿಕ್ ಟಿಕ್ ಕೇಳಿಸಿತು. ಹೊಸ ಸ್ಟವ್ ಹತ್ತಿಕೊಂಡಿತು. ಅಮ್ಮಣ್ಣಿಯವರು ಆ ಕಡೆ ತಿರುಗಿ ನೋಡಿದರು. ಇಷ್ಟು ಹೇಳಿದ ಮೇಲೂ ಹಚ್ಚಿದಳಲ್ಲ! ಹಚ್ಚಲಿ, ಕೇಳುವ ಮುಖ ನನಗೆಲ್ಲಿದೆ, ಎಂದುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡರು.

ಆಗ ಹರಿಪ್ರಿಯಾ ಅಕ್ಕಿಯ ಪಾವು ಹಿಡಿದು ಮುಂದಿನ ರೂಮಿನ ಬಾಗಿಲಿಗೆ ಬಂದಳು. ಪಾವನಾ ಅವಳ ಬೆನ್ನ ಹಿಂದಿನಿಂದ ಇಣುಕುತ್ತಿದ್ದಳು.

"ಅತ್ತೆ, ಅಕ್ಕಿ ಎಷ್ಟು ಜನಕ್ಕೆ ಹಾಕಲಿ?"

ಮದುವೆಯಾಗಿ ಬಂದ ಮೇಲೆ, ನಲವತ್ತೈದು ವರ್ಷದಲ್ಲಿ, ಮಡಿಯಿಲ್ಲದ ಕೈ ಬೇಯಿಸಿದ ಒಂದು ಅಗುಳು ಅನ್ನ ಅಮ್ಮಣ್ಣಿಯವರ ಬಾಯಿಗೆ ಹೋಗಿರಲಿಲ್ಲ. ಮಠದಲ್ಲಿ ಏನಂದಾರು, ಹೋದ ಯಜಮಾನರು ಏನಂದುಕೊಂಡಾರು ಎಂದೆಲ್ಲ ಒಂದು ಕ್ಷಣ ತಲೆಯಲ್ಲಿ ಬಂದು ಹೋಯಿತು. ಮೂರು ಜನಕ್ಕೆ ಎನ್ನುವ ಮಾತು ನಾಲಿಗೆ ತುದಿಗೂ ಬಂದಿತ್ತು. ಸೊಸೆ ಪಾವು ಹಿಡಿದು ನಿಂತೇ ಇದ್ದಳು.

"ನಾಲ್ಕು ಜನಕ್ಕೆ ಹಾಕು," ಎಂದರು ಅಮ್ಮಣ್ಣಿಯವರು. ಆಮೇಲೆ ಕಣ್ಣೊರೆಸಿಕೊಂಡು, ಹೇಳದಿದ್ದರೆ ಆಗುವುದೇ ಇಲ್ಲ ಎನ್ನುವಂತೆ ಸೇರಿಸಿದರು. "ಹೊಸ ಅಕ್ಕಿ, ನೀರು ಕಮ್ಮಿ ಇಡು. ಇಲ್ಲದಿದ್ದರೆ ಮುದ್ದೆ ಆಗುತ್ತೆ."